ಹೆಸರು ಬದಲಾಯಿತು, ಆಸ್ತಿ ಖಾತೆ ಮಾತ್ರ ಹಳೇ ಹೆಸರಲ್ಲೇ ಇದೆ. ಕ್ರಯಪತ್ರ ತಿದ್ದಿಸಲೇಬೇಕಾ?

ಮೂಲೆಮನೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಂಗೆ ಹುಟ್ಟಿದಾಗ ಇಟ್ಟ ಹೆಸರೇ ಬೇರೆ. ನನಗಿಂತ ಮುಂಚೆ ಹುಟ್ಟಿದ ಎರಡು ಮಕ್ಕಳು ಉಳಿಯಲಿಲ್ಲ ಅಂತ, ಇದಾದರೂ ಉಳೀಲಿ, ದೃಷ್ಟಿ ತಾಗದಿರಲಿ ಅಂತ ನಮ್ಮಜ್ಜಿ ಒಂದು ಹೆಸರು ಇಟ್ಟಿದ್ದರು. ತಿಪ್ಪೆ, ಗುಂಡು, ಕಲ್ಲು ಇರುತ್ತಲ್ಲ, ಆ ಥರದ್ದು. ಇಲ್ಲಿ ಹೇಳಲ್ಲ, ಶಾಲೆಯಲ್ಲಿ ಕೇಳಿಸಿಕೊಂಡಿದ್ದೇ ಸಾಕು. 2019ರಲ್ಲಿ ಅಫಿಡವಿಟ್ ಮಾಡಿಸಿ, ಎರಡು ಪೇಪರಲ್ಲಿ ಜಾಹೀರಾತು ಕೊಟ್ಟು, ಕೇಂದ್ರ ಸರ್ಕಾರದ ಗೆಜೆಟ್ಟಲ್ಲಿ ಹಾಕಿಸಿ ಹೆಸರು ಬದಲಾಯಿಸಿಕೊಂಡೆ. ಆಧಾರ್, ಪ್ಯಾನ್, ಬ್ಯಾಂಕ್ ಎಲ್ಲ ಹೊಸ ಹೆಸರಲ್ಲಿದೆ.

ಆಸ್ತಿ ವಿಷಯ ಮಾತ್ರ ಮರೆತೇ ಬಿಟ್ಟಿದ್ದೆ. ಮೈಸೂರಲ್ಲಿ 2012ರಲ್ಲಿ ತಗೊಂಡ 30-40 ಸೈಟು ಒಂದು. ಹಾಸನದ ಕಡೆ ಅಪ್ಪನಿಂದ ಭಾಗಕ್ಕೆ ಬಂದ 1 ಎಕರೆ 10 ಗುಂಟೆ ಒಂದು, ಅದಕ್ಕೆ 2016ರಲ್ಲಿ ವಿಭಾಗ ಪತ್ರ ಆಗಿದೆ. ಎರಡೂ ಹಳೇ ಹೆಸರಲ್ಲೇ ಇವೆ. ಈಗ ಸೈಟಿಗೆ ಗಿರಾಕಿ ಬಂದಿದ್ದಾರೆ, ಅಡ್ವಾನ್ಸು ಕೊಡೋಕೆ ರೆಡಿ ಇದ್ದಾರೆ. ಪತ್ರ ಬರೆಯೋರ ಹತ್ತಿರ ಹೋದರೆ 'ಮೇಡಂ, ಕ್ರಯಪತ್ರದಲ್ಲಿರೋ ಹೆಸರು ತಪ್ಪು, ತಿದ್ದುಪಡಿ ಪತ್ರ ನೋಂದಣಿ ಮಾಡಿಸಬೇಕು, ಎಲ್ಲಾ ಸೇರಿ 22 ಸಾವಿರ' ಅಂದರು. ಅದಕ್ಕೆ ಮಾರಿದವರೂ ಬಂದು ಸಹಿ ಹಾಕಬೇಕಂತೆ. ನಂಗೆ ಸೈಟು ಮಾರಿದ ಯಜಮಾನರು ತೀರಿಕೊಂಡು ನಾಲ್ಕು ವರ್ಷ ಆಯ್ತು. ಅವರ ಮಕ್ಕಳು ಒಬ್ಬರು ಪುಣೆ, ಒಬ್ಬರು ದುಬೈ.

ಎರಡು ದಿನದಿಂದ ನಿದ್ದೆ ಇಲ್ಲ. ಯಾರಾದರೂ ಗೊತ್ತಿದ್ದವರು ಹೇಳಿ.

ಹಳೇ ದಫ್ತರ

ತಂಗೀ, ಮೊದಲು ಆ 22 ಸಾವಿರ ಕೊಡಬೇಡಮ್ಮ.

ಕಂದಾಯ ಇಲಾಖೆಯಲ್ಲಿ ಮೂವತ್ತು ವರ್ಷ ಕಳೆದು ಈಗ ಮನೇಲಿ ಕೂತಿರೋನು ನಾನು. ನಿನ್ನ ಕ್ರಯಪತ್ರದಲ್ಲಿ ಏನು ತಪ್ಪಿದೆ ಹೇಳು? 2012ರಲ್ಲಿ ನಿನ್ನ ಹೆಸರು ಅದೇ ಆಗಿತ್ತು. ಆವತ್ತು ನೀನು ಸಹಿ ಹಾಕಿದ್ದೂ ಅದೇ ಹೆಸರಲ್ಲಿ. ಪತ್ರ ಸರಿಯಾಗೇ ಇದೆ. ತಿದ್ದುಪಡಿ ಪತ್ರ ಇರೋದು ಆವತ್ತೇ ತಪ್ಪಾಗಿದ್ದನ್ನು ಸರಿಮಾಡೋಕೆ. ಚೆಕ್ಕುಬಂದಿಯಲ್ಲಿ ಪೂರ್ವ ಪಶ್ಚಿಮ ಅದಲು ಬದಲಾಗಿದೆ, ಸರ್ವೆ ನಂಬರ್ 42/3 ಬದಲು 43/2 ಅಂತ ಬಿದ್ದಿದೆ, ಅಪ್ಪನ ಹೆಸರು ತಪ್ಪಾಗಿದೆ, ಅಂಥದ್ದಕ್ಕೆ. ಅದಕ್ಕೇ ಎರಡೂ ಕಡೆಯವರು ಬಂದು 'ಹೌದು, ನಾವು ತಪ್ಪು ಬರೆಸಿದ್ದೆವು' ಅಂತ ಒಪ್ಪಬೇಕಾಗುತ್ತೆ. ನಿನ್ನ ವಿಷಯದಲ್ಲಿ ಯಾರೂ ತಪ್ಪು ಮಾಡಿಲ್ಲ. ಆ ಯಜಮಾನರ ಮಕ್ಕಳು ದುಬೈಯಿಂದ ಬಂದು ಏನಂತ ಒಪ್ಪಿಕೊಳ್ಳುತ್ತಾರೆ?

ನಿಂದು ಪತ್ರದ ಕೆಲಸ ಅಲ್ಲ, ಖಾತೆಯ ಕೆಲಸ. ಸೈಟಿಗೆ ಪಾಲಿಕೆಯಲ್ಲಿ ಖಾತೆ, ಜಮೀನಿಗೆ ತಾಲ್ಲೂಕು ಕಚೇರಿಯಲ್ಲಿ ಪಹಣಿ. ಎರಡು ಕಡೆ ಅರ್ಜಿ ಬೇರೆ, ಮೇಜು ಬೇರೆ.

ಜಮೀನಿನ ವಿಷಯ ನಂಗೆ ಗೊತ್ತು, ಅದನ್ನೇ ಹೇಳ್ತೀನಿ. ಪಹಣಿ ತೆಗೆದು 9ನೇ ಕಾಲಂ ನೋಡು. ಸ್ವಾಧೀನದಾರರ ಹೆಸರು ಇರೋದು ಅಲ್ಲಿ. 10ರಲ್ಲಿ ಹೇಗೆ ಬಂತು ಅನ್ನೋದು, ಎಂ.ಆರ್. ನಂಬರ್, ಅಂದರೆ ಮ್ಯುಟೇಶನ್ (ಹಕ್ಕು ಬದಲಾವಣೆ) ರಿಜಿಸ್ಟರಿನ ನಂಬರ್, ಇರುತ್ತೆ. 11ರಲ್ಲಿ ಸಾಲ, ಋಣ. ನಿನ್ನ 9ನೇ ಕಾಲಂ ಬದಲಾಗಬೇಕು ಅಂದರೆ ಸುಮ್ನೆ ಕಂಪ್ಯೂಟರಲ್ಲಿ ಅಳಿಸಿ ಬರೆಯೋಕೆ ಬರಲ್ಲ. ಅರ್ಜಿ, ಗೆಜೆಟ್, ಅಫಿಡವಿಟ್, ಆಧಾರ್, ಹಳೇ ವಿಭಾಗ ಪತ್ರದ ನಕಲು ಕೊಡಬೇಕು. ಗ್ರಾಮ ಆಡಳಿತಾಧಿಕಾರಿ, ಅಂದರೆ ನಮ್ಮ ಕಾಲದ ಶಾನುಭೋಗರ ಜಾಗದಲ್ಲಿರೋರು, 'ಇಬ್ಬರೂ ಒಬ್ಬರೇ' ಅಂತ ವರದಿ ಕೊಡಬೇಕು. ರೆವಿನ್ಯೂ ಇನ್‌ಸ್ಪೆಕ್ಟರ್ ನೋಡಬೇಕು. ತಹಶೀಲ್ದಾರ್ ಆದೇಶ ಆಗಬೇಕು. ಆಮೇಲೆ ಮ್ಯುಟೇಶನ್‌ಗೆ ಹೋಗಿ ಹೊಸ ಎಂ.ಆರ್. ನಂಬರ್ ಬೀಳುತ್ತೆ. ಅದು ಬಿದ್ದ ಮೇಲೆ ಇನ್ನೊಂದು ಪಹಣಿ ತೆಗೆಸಿ ಒಂದೊಂದು ಅಕ್ಷರ ಓದು. ಓದದೆ ಮಡಚಿ ಚೀಲಕ್ಕೆ ಹಾಕ್ಕೊಂಡು ಹೋಗಿ, ಹತ್ತು ವರ್ಷ ಬಿಟ್ಟು ಅಳುತ್ತಾ ಬಂದವರನ್ನ ಬೇಕಾದಷ್ಟು ನೋಡಿದ್ದೀನಿ.

ಅಡಿಕೆ ಮಂಡಿ

ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮಮ್ಮನ ಪಹಣಿಯಲ್ಲಿ 'ರತ್ನ ಬಿನ್' ಅಂತ ಅಜ್ಜನ ಹೆಸರಿತ್ತು. ಆಧಾರಲ್ಲಿ 'ರತ್ನಮ್ಮ', ಪಕ್ಕದಲ್ಲಿ ಅಪ್ಪನ ಹೆಸರು. ಪಹಣಿ ಭಾಷೆಯಲ್ಲಿ ಅಪ್ಪನ ಹೆಸರಿಗೆ ಬಿನ್, ಗಂಡನ ಹೆಸರಿಗೆ ಕೋಂ ಅಲ್ವಾ. ಮದುವೆ ಆಗಿ ನಲವತ್ತು ವರ್ಷ ಆದರೂ ಅಮ್ಮ ಅಲ್ಲಿ ಬಿನ್ ಆಗೇ ಇದ್ದರು. ಯಾರಿಗೂ ತೊಂದರೆ ಆಗಿರಲಿಲ್ಲ. ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ರೈತ ನೋಂದಣಿ ನಂಬರ್, ಮಾಡಿಸೋವಾಗ ತಗಲಾಕ್ಕೊಂಡ್ವಿ. ಪಹಣಿ ಹೆಸರಿಗೂ ಆಧಾರ್ ಹೆಸರಿಗೂ ತಾಳೆ ಆಗಲ್ಲ ಅಂತ ಪಕ್ಕದ ತೋಟದವರಿಗೆಲ್ಲ ಬೆಳೆ ಪರಿಹಾರ ಬಂತು, ನಮಗೆ ಬರಲಿಲ್ಲ.

ಆಮೇಲೆ ಮಾಡಿಸಿದ್ವಿ. ಐದು ಸಲ ಓಡಾಡಿದ್ದು. ಅದರಲ್ಲಿ ಎರಡು ಸಲ 'ಸಾಹೇಬ್ರು ಮೀಟಿಂಗ್'.

ಗೋಕುಲ ರೋಡ್

ಅಕ್ಕಾರ, ನಮ್ಮ ಹುಬ್ಬಳ್ಳಿ ಕಡೆಯವರು ಯಾರಾದರೂ ಇದನ್ನ ಓದುತ್ತಿದ್ದರೆ ಒಂದು ಮಾತು. ನಮ್ಮಲ್ಲಿ ಊರೊಳಗಿನ ಜಾಗಕ್ಕೆ ಪಾಲಿಕೆ ಉತಾರ (ಖಾತೆ ನಕಲು) ಬೇರೆ, ಸಿಟಿ ಸರ್ವೆಯ ಪಿ.ಆರ್. ಕಾರ್ಡ್ (ಆಸ್ತಿ ಕಾರ್ಡ್) ಬೇರೆ. ನಾನು ಪಾಲಿಕೆಯಲ್ಲಿ ಹೆಸರು ಬದಲಿ ಮಾಡಿಸಿ ಪೇಢೆ ಹಂಚಿದೆ ರೀ. ಮುಂದೆ ಬ್ಯಾಂಕಿನವರು ಸಿ.ಟಿ.ಎಸ್. (ಸಿಟಿ ಸರ್ವೆ) ನಂಬರಿನ ಆ ಕಾರ್ಡ್ ತಗೊಂಡು ಬರ್ರಿ ಅಂದರು. ತಗೊಂಡು ನೋಡಿದರೆ ಹಳೇ ಹೆಸರು ನಗುತ್ತಾ ಕೂತಿತ್ತು. ಮತ್ತ ಮೊದಲಿನಿಂದ ಶುರು. ಅದಕ್ಕೆ ಅರ್ಜಿ ಕೊಡುವ ಮೊದಲು ನಿಮ್ಮ ಆಸ್ತಿಗೆ ಎಷ್ಟು ಕಡೆ ಹೆಸರು ಕೂತಿದೆ ಅನ್ನೋದು ಎಣಿಸಿರಿ.

ಮೂಲೆಮನೆ

ಹಳೇ ದಫ್ತರ ಸರ್, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಒಂದು ಅನುಮಾನ. ಕ್ರಯಪತ್ರದಲ್ಲಿ ಹಳೇ ಹೆಸರು ಹಾಗೇ ಇರುತ್ತಾ ಹಾಗಾದರೆ? ಶಾಶ್ವತವಾಗಿ? ನಿಜ ಹೇಳಬೇಕು ಅಂದರೆ ಅದನ್ನ ಎಲ್ಲೂ ನೋಡಬಾರದು ಅಂತಲೇ ನಾನು ಬದಲಾಯಿಸಿಕೊಂಡಿದ್ದು.

ಹಳೇ ದಫ್ತರ

ಇರುತ್ತಮ್ಮ. ಪತ್ರದಲ್ಲೂ ಇರುತ್ತೆ, ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿದರೆ ಅಲ್ಲೂ ಬರುತ್ತೆ. ಉಪನೋಂದಣಿ ಕಚೇರಿಯ ಪುಸ್ತಕದಲ್ಲಿ ಬರೆದದ್ದನ್ನ ಅಳಿಸೋ ರಬ್ಬರು ಯಾರ ಹತ್ತಿರವೂ ಇಲ್ಲ. ಇರಬಾರದು ಕೂಡ. ಇದ್ದಿದ್ದರೆ ನಿನ್ನ ಆಸ್ತಿ ನಿನ್ನ ಹೆಸರಲ್ಲಿ ಉಳೀತಿತ್ತಾ?

ನೇರಮಾತು

ಇಷ್ಟೆಲ್ಲ ಯಾಕೆ? ನಿಮ್ಮ ಹಳೇ ಹೆಸರಿಂದ ನಿಮ್ಮ ಹೊಸ ಹೆಸರಿಗೆ ಒಂದು ದಾನಪತ್ರ ಮಾಡಿಸಿಬಿಡಿ. ಒಂದೇ ದಿನದ ಕೆಲಸ.

ಕರಿಕೋಟು

ಮೇಲಿನವರು ತಮಾಷೆಗೆ ಹೇಳಿದ್ದಾರೆ ಅಂದ್ಕೊಂಡಿದ್ದೀನಿ. ದಾನ ಅಂದರೆ ಕೊಡೋರು ಒಬ್ಬರು, ತಗೊಳ್ಳೋರು ಒಬ್ಬರು ಬೇಕು. ಬಲಗೈಯಿಂದ ಎಡಗೈಗೆ ಕೊಟ್ಟರೆ ಕಾನೂನು ಅದನ್ನ ದಾನ ಅನ್ನಲ್ಲ. ಅದಕ್ಕಿಂತ ಅಪಾಯ ಏನು ಗೊತ್ತಾ, ಹಾಗೆ ಮಾಡಿದರೆ ಹಳೇ ಹೆಸರಿನವರು ಬೇರೆ ವ್ಯಕ್ತಿ ಅಂತ ನೀವೇ ದಾಖಲೆ ಹುಟ್ಟಿಸಿದ ಹಾಗೆ ಆಗುತ್ತೆ. ನಿಮಗೆ ಬೇಕಿರೋದು ಅದರ ಉಲ್ಟಾ, ಇಬ್ಬರೂ ಒಬ್ಬರೇ ಅನ್ನೋದು.

ಮೈಸೂರು ಸೈಟಿನ ವಿಷಯ. 2024ರ ಕೊನೆಯಿಂದ ಈಚೆಗೆ ಇ-ಖಾತೆ, ಅಂದರೆ ಕಂಪ್ಯೂಟರ್ ಖಾತೆ, ಇಲ್ಲದೆ ಮಾರಾಟ ನೋಂದಣಿ ಕಷ್ಟ ಅನ್ನೋದು ಎಲ್ಲರಿಗೂ ಗೊತ್ತು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶ ಮಾಲೀಕರ ಹೆಸರನ್ನ ಇ-ಖಾತೆಯಿಂದಲೇ ಎತ್ತಿಕೊಳ್ಳುತ್ತೆ, ನಾವು ಟೈಪ್ ಮಾಡೋದಲ್ಲ. ಅಲ್ಲಿ ಹಳೇ ಹೆಸರು, ನಿಮ್ಮ ಕೈಯಲ್ಲಿರೋ ಆಧಾರಲ್ಲಿ ಹೊಸ ಹೆಸರು. ಅಲ್ಲೇ ಗಾಡಿ ನಿಲ್ಲುತ್ತೆ. ಅದಕ್ಕೆ ಅಡ್ವಾನ್ಸು ತಗೊಳ್ಳೋ ಮುಂಚೆ ಖಾತೆ ಬದಲಾಯಿಸಿಕೊಳ್ಳಿ. ಅಗ್ರಿಮೆಂಟಲ್ಲಿ ಮೂರು ತಿಂಗಳು ಅಂತ ಬರೆಸಿ, ಎರಡೂವರೆ ತಿಂಗಳು ಖಾತೆಗೇ ಹೋದರೆ ಗಿರಾಕಿ ಸುಮ್ನೆ ಇರಲ್ಲ.

ಇನ್ನೊಂದು. ಸೈಟು ಖಾಸಗಿ ಬಡಾವಣೆಯದಾ, ಅಭಿವೃದ್ಧಿ ಪ್ರಾಧಿಕಾರದ ಹಂಚಿಕೆಯದಾ? ಪ್ರಾಧಿಕಾರದ್ದಾದರೆ, ಪಾಲಿಕೆಗೆ ಹಸ್ತಾಂತರ ಆಗದ ಬಡಾವಣೆ ಆದರೆ, ಖಾತೆ ಪ್ರಾಧಿಕಾರದಲ್ಲೇ ಇರುತ್ತೆ. ಮೊದಲು ಅದನ್ನ ನೋಡಿ.

ಮೂಲೆಮನೆ

ಖಾಸಗಿ ಬಡಾವಣೆ ಸರ್, ಪಾಲಿಕೆಯಲ್ಲೇ ಕಂದಾಯ ಕಟ್ಟುತ್ತಿರೋದು. ಕಂದಾಯ ರಸೀದಿಯೂ ಹಳೇ ಹೆಸರಲ್ಲೇ ಬರುತ್ತೆ.

ಬೆಣ್ಣೆದೋಸೆ

ನಾನು ಒಪ್ಪಲ್ಲ. ನಮ್ಮ ತಂಗಿ ಮನೆ ಸಾಲ ಮಾಡೋವಾಗ ಬ್ಯಾಂಕಿನ ವಕೀಲರು ತಿದ್ದುಪಡಿ ಪತ್ರ ಬೇಕೇ ಬೇಕು ಅಂತ ಕೂತರು, ಮಾಡಿಸಿ ಕೊಟ್ಟಮೇಲೇ ಸಾಲ ಬಂದಿದ್ದು. ಇಲ್ಲಿ ಎಲ್ಲರೂ ಬೇಡ ಬೇಡ ಅಂತಿದ್ದೀರಿ. ನಾಳೆ ಆ ಗಿರಾಕಿಗೆ ಸಾಲ ಬರದಿದ್ದರೆ?

ಕರಿಕೋಟು

ನಿಮ್ಮ ತಂಗಿಯ ಪತ್ರದಲ್ಲಿ ಹೆಸರು ಏನಿತ್ತು, ಆಗ ಅವರ ಹೆಸರು ಏನಾಗಿತ್ತು?

ಬೆಣ್ಣೆದೋಸೆ

ಪತ್ರದಲ್ಲಿ 'ಶಾಂತ' ಅಂತ ಬರೆದಿದ್ದರು. ಅವಳ ಹೆಸರು 'ಶಾಂತಲಾ'. ಮುಂಚಿನಿಂದಲೂ.

ಕರಿಕೋಟು

ನೋಡಿ, ಸಿಕ್ತು. ಅದು ಬರೆಯೋವಾಗಲೇ ಆದ ತಪ್ಪು, ತಿದ್ದುಪಡಿ ಪತ್ರವೇ ಸರಿ. ಬ್ಯಾಂಕಿನವರು ಸರಿಯಾಗೇ ಕೇಳಿದ್ದಾರೆ.

ಇಲ್ಲಿ ಮೂರು ಕಾಯಿಲೆ ಇದೆ, ಎಲ್ಲರೂ ಒಂದೇ ಮಾತ್ರೆ ಕೇಳ್ತಿದ್ದೀರಿ. ಪತ್ರದಲ್ಲೇ ತಪ್ಪು ಬಿದ್ದಿದ್ದರೆ ಪತ್ರ ತಿದ್ದಬೇಕು. ಪತ್ರ ಸರಿ ಇದ್ದು ಪಹಣಿ ಅಥವಾ ಖಾತೆಗೆ ಏರಿಸೋವಾಗ ಬೆರಳಚ್ಚಿನಲ್ಲಿ ತಪ್ಪಾಗಿದ್ದರೆ, ಪತ್ರ ತೋರಿಸಿ ಕಚೇರಿಯಲ್ಲಿ ತಿದ್ದಿಸಬೇಕು. ಕೈಬರಹದ ಪಹಣಿಯನ್ನ 'ಭೂಮಿ' ಅನ್ನೋ ಸರ್ಕಾರಿ ಯೋಜನೆಯಲ್ಲಿ ಕಂಪ್ಯೂಟರಿಗೆ ಏರಿಸಿದಾಗ ಇಂಥವು ರಾಶಿ ರಾಶಿ ಆದವು. ಪತ್ರವೂ ಸರಿ, ಖಾತೆಯೂ ಸರಿ, ಆಮೇಲೆ ಮನುಷ್ಯರ ಹೆಸರೇ ಬದಲಾಗಿದ್ದರೆ ಹಳೇ ಹೆಸರಿಗೂ ಹೊಸ ಹೆಸರಿಗೂ ಗಂಟು ಹಾಕೋ ಕಾಗದ ಬೇಕು, ಅಷ್ಟೇ. ಮೂಲೆಮನೆಯವರದ್ದು ಈ ಕೊನೇದು.

ಆದರೂ ಕೆಲವು ಬ್ಯಾಂಕಿನ ವಕೀಲರು ಗೆಜೆಟ್ ಇ.ಸಿ.ಯಲ್ಲಿ ಕಾಣಲ್ಲ ಅಂತ ತಕರಾರು ತೆಗೀತಾರೆ. ಅದು ಅವರ ಭಯ, ತಪ್ಪು ಅನ್ನೋಕೆ ಆಗಲ್ಲ. ಅಂಥ ಕಡೆ ಒಂದು ಘೋಷಣಾ ಪತ್ರ ಬರೆಸಿ, ಆಸ್ತಿಯ ಷೆಡ್ಯೂಲ್ ಸೇರಿಸಿ ನೋಂದಣಿ ಮಾಡಿಸಬಹುದು. ಇದಕ್ಕೆ ನಿಮ್ಮೊಬ್ಬರ ಸಹಿ ಸಾಕು, ದುಬೈಯವರು ಬೇಡ. ಕಡ್ಡಾಯ ಅಲ್ಲ. ಕೇಳಿದರೆ ಮಾಡಿಸಿ, ಕೇಳದಿದ್ದರೆ ಬಿಡಿ.

ಬೆಣ್ಣೆದೋಸೆ

ಹೌದು ಅಲ್ವಾ. ಸರಿ ಸರಿ, ನನ್ನ ಮಾತು ವಾಪಸ್ ತಗೊಂಡೆ.

ಸಿಯಾಟಲ್ ಸೊಪ್ಪು

ನಾವು ಹೊರಗಡೆ ಇರೋರ ಗೋಳು ಕೇಳಿ. ನಮ್ಮ ಮನೆಯವರಿಗೆ ಸರ್‌ನೇಮ್ ಅನ್ನೋದೇ ಇಲ್ಲ. ಹಳೇ ಮೈಸೂರು ಕಡೆ ಎಲ್ಲರ ಹಾಗೆ ಊರು, ಅಪ್ಪ, ಎರಡು ಇನಿಷಿಯಲ್ಲು, ಆಮೇಲೆ ಹೆಸರು. ಪಾಸ್‌ಪೋರ್ಟಲ್ಲಿ ಒಂದೇ ಪದ. ಇಲ್ಲಿನ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಹಾಕಿದರು, ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಆಫೀಸಲ್ಲಿ ಎರಡು ವರ್ಷ ಎಲ್ಲರೂ ಅವರನ್ನ 'ಫ್ನೂ' ಅಂತ ಕರೆದಿದ್ದಾರೆ. ಕೊನೆಗೆ ಇನಿಷಿಯಲ್ ಬಿಡಿಸಿ ಪಾಸ್‌ಪೋರ್ಟ್ ಮಾಡಿಸಿದ್ವಿ. ಈಗ ಊರಿನ ಮನೆಯ ಖಾತೆಯಲ್ಲಿ ಇನಿಷಿಯಲ್ ಹೆಸರು, ಪಾಸ್‌ಪೋರ್ಟಲ್ಲಿ ಮಾರುದ್ದ ಹೆಸರು.

ನಾವು ಬರೋಕೆ ಆಗಲಿಲ್ಲ, ಭಾವನಿಗೆ ಅಧಿಕಾರ ಪತ್ರ ಕಳಿಸಿದ್ವಿ. ಇಲ್ಲಿ ಕಾನ್ಸುಲೇಟಲ್ಲಿ ದೃಢೀಕರಣ ಆಗಿರಬೇಕು. ನಾವು ಒಂದು ತಪ್ಪು ಮಾಡಿದ್ವಿ, ನೀವು ಮಾಡಬೇಡಿ: ಊರಿಗೆ ತಲುಪಿದ ಮೇಲೆ ಅದಕ್ಕೆ ಮೂರು ತಿಂಗಳೊಳಗೆ ಅಲ್ಲಿನ ಮುದ್ರಾಂಕ ಶುಲ್ಕ ಕಟ್ಟಬೇಕು. ಭಾವ ಅದನ್ನ ದೇವರ ಮನೆ ಬೀರುವಲ್ಲಿ ಭದ್ರವಾಗಿ ಇಟ್ಟಿದ್ದರು. ಐದು ತಿಂಗಳು. ಮತ್ತೆ ಹೊಸದು ಕಳಿಸಬೇಕಾಯ್ತು. ಆ ಪತ್ರದಲ್ಲೇ ಎರಡೂ ಹೆಸರು ನಡುವೆ 'ಉರುಫ್' (ಅಂದರೆ 'ಅಲಿಯಾಸ್') ಹಾಕಿ ಬರೆಸೋದನ್ನೂ ಮರೀಬೇಡಿ.

ನಿದ್ದೆಗಣ್ಣು

'ಫ್ನೂ' ಓದಿ ಚಹಾ ಮೂಗಿಗೆ ಹತ್ತಿತು 😂

ಹೊಂಗೆ ನೆರಳು

ಮೂಲೆಮನೆ ಅಕ್ಕ, ನೀವು ಹಳೇ ಹೆಸರು ಎಲ್ಲೂ ನೋಡಬಾರದು ಅಂತ ಬರೆದಿದ್ದು ನೋಡಿ ಬರೀತಿದ್ದೀನಿ. ಸಾಮಾನ್ಯವಾಗಿ ನಾನು ಇಲ್ಲಿ ಬರೆಯೋಳಲ್ಲ.

ನಾನು ಟ್ರಾನ್ಸ್ ಮಹಿಳೆ. 2019ರ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಯಿಂದ ಗುರುತಿನ ಪ್ರಮಾಣಪತ್ರ ತಗೊಂಡು ಹೆಸರು, ಲಿಂಗ ಎರಡೂ ಆಧಾರಲ್ಲಿ ಬದಲಾಯಿಸಿದೆ. ಅಮ್ಮ ಬರೆದುಕೊಟ್ಟ ಚಿಕ್ಕ ಮನೆ ಇದೆ, ಪಂಚಾಯ್ತಿ ಇ-ಸ್ವತ್ತು (ಪಂಚಾಯ್ತಿ ಆಸ್ತಿಗಳ ಕಂಪ್ಯೂಟರ್ ದಾಖಲೆ), ನಮೂನೆ 9 ಮತ್ತು 11. ದಾಖಲೆ ಎಲ್ಲ ಸರಿ ಇದ್ದರೂ ಅರ್ಜಿ ಕೊಟ್ಟಾಗ ಅಲ್ಲಿದ್ದವರು ಫೋಟೊ ನೋಡಿ, ನನ್ನ ನೋಡಿ, ಮತ್ತೆ ಫೋಟೊ ನೋಡಿ, ಪಕ್ಕದವರನ್ನ ಕರೆದು ತೋರಿಸಿದರು. ನಾನು ಕೂತಲ್ಲೇ ಕೂತಿದ್ದೆ. ಸ್ವೀಕೃತಿ ಕೊಡೋವರೆಗೂ ಏಳಲಿಲ್ಲ.

ಈಗ ನಮೂನೆ 9ರಲ್ಲಿ ನನ್ನ ಹೆಸರಿದೆ. ದಾನಪತ್ರದಲ್ಲಿ ಮಾತ್ರ ಅಮ್ಮ ಆ ಹೆಸರಿಗೇ ಕೊಟ್ಟಿದ್ದಾರೆ, ಅದು ಬದಲಾಗಲ್ಲ. ಮೊದಲು ಬಹಳ ನೋವಾಯ್ತು. ಆಮೇಲೆ ಎರಡೂ ಕಾಗದನ ಒಂದೇ ಫೈಲಲ್ಲಿ ಇಟ್ಟೆ, ಮೇಲೆ ಹೊಸದು, ಕೆಳಗೆ ಹಳೇದು, ನಡುವೆ ಪ್ರಮಾಣಪತ್ರ. ಆ ನಡುವಿನ ಹಾಳೆ ಕಳೆದುಹೋದರೆ ಮನೆ ಯಾರದ್ದು ಅಂತಲೇ ಪ್ರಶ್ನೆ ಬರುತ್ತೆ. ಅದಕ್ಕೆ ಅದರದ್ದು ಹತ್ತು ಪ್ರತಿ ಮಾಡಿಸಿಟ್ಟಿದ್ದೀನಿ.

ಮೂಲೆಮನೆ

ನಿಮಗೆ ಏನು ಹೇಳಬೇಕೋ ಗೊತ್ತಾಗ್ತಿಲ್ಲ. ಇವತ್ತೇ ಫೈಲ್ ತರ್ತೀನಿ.

ಚುರುಮುರಿ

ನಾನು ಸೈಬರ್ ಅಂಗಡಿ ಇಟ್ಟಿರೋನು, ದಿನಾ ಇದೇ ಕೆಲಸ. ಕೆಲವು ಹೇಳ್ತೀನಿ, ಈ ದಾರಿಗೆ ಹೊಸಬರಿಗೆ ಉಪಯೋಗ ಆಗುತ್ತೆ.

ಆಧಾರಲ್ಲಿ ಹೆಸರು ಜೀವಮಾನದಲ್ಲಿ ಎರಡೇ ಸಲ ಬದಲಾಯಿಸೋಕೆ ಬಿಡ್ತಾರೆ. ಸಂಖ್ಯಾಶಾಸ್ತ್ರದವರು ಒಂದು ಎಕ್ಸ್‌ಟ್ರಾ ಅಕ್ಷರ ಸೇರಿಸಿ ಅಂದರು ಅಂತ ಒಂದು ಸಲ, ಕೆಲಸ ಸಿಗಲಿಲ್ಲ ಅಂತ ತೆಗೆಯೋಕೆ ಇನ್ನೊಂದು ಸಲ ಬಂದವರಿದ್ದಾರೆ. ಆಮೇಲೆ ಮದುವೆ ಆಯ್ತು, ಈಗ ಏನ್ ಮಾಡ್ತೀರಿ? ಯೋಚನೆ ಮಾಡಿ ಬದಲಾಯಿಸಿ.

ಜಾಹೀರಾತು ಬಂದ ಪೇಪರ್ ಕತ್ತರಿಸಬೇಡಿ, ಪೂರ್ತಿ ಪುಟ ಇಡಿ, ತಾರೀಖು ಪತ್ರಿಕೆ ಹೆಸರು ಕಾಣಬೇಕು. ಕೇಂದ್ರದ ಗೆಜೆಟ್ ಆದರೆ ಖಾಸಗಿಯವರ ಹೆಸರು ಬದಲಾವಣೆ ಬರೋದು ಭಾಗ 4ರಲ್ಲಿ, ವಾರಕ್ಕೊಂದು ಸಂಚಿಕೆ. ಆ ಪಿಡಿಎಫ್ ಪೂರ್ತಿ ಇಳಿಸಿಟ್ಟುಕೊಳ್ಳಿ, ನಿಮ್ಮ ಹೆಸರಿರೋ ಪುಟದ ಜೊತೆ ಮೊದಲ ಪುಟವನ್ನೂ ಪ್ರಿಂಟ್ ತೆಗೀರಿ. ಬರೀ ನಿಮ್ಮ ಪುಟ ಕೊಟ್ಟರೆ 'ಇದು ಯಾವ ಗೆಜೆಟ್?' ಅಂತಾರೆ. ಅಫಿಡವಿಟ್ಟಿಗೆ ಮುಂಚೆ 20 ರೂಪಾಯಿ ಸ್ಟಾಂಪ್ ಸಾಕಿತ್ತು, 2024ರಿಂದ 100 ಆಗಿದೆ. ಹಳೇ ಲೆಕ್ಕದಲ್ಲಿ ಮಾಡಿಸಿಕೊಂಡು ಬಂದವರನ್ನ ಈಗಲೂ ವಾಪಸ್ ಕಳಿಸ್ತಾರೆ.

ಅರ್ಜಿ ಕೊಟ್ಟಮೇಲೆ ಸಕಾಲದ (ಇಷ್ಟು ದಿನದೊಳಗೆ ಕೆಲಸ ಮಾಡಿಕೊಡಬೇಕು ಅನ್ನೋ ಸರ್ಕಾರಿ ಯೋಜನೆ) ನಂಬರ್ ಇರೋ ಸ್ವೀಕೃತಿ ಕೇಳಿ ತಗೊಳ್ಳಿ. 15 ಅಂಕಿ ಇರುತ್ತೆ. 'ಇಟ್ಟು ಹೋಗಿ, ಮಾಡ್ತೀವಿ' ಅಂದರೆ ಇಟ್ಟು ಹೋಗಬೇಡಿ.

ಮೂಲೆಮನೆ

ಇಪ್ಪತ್ತು ದಿನ ಆಯ್ತು, ಅಪ್‌ಡೇಟ್ ಕೊಡ್ತಿದ್ದೀನಿ.

ಹೊಸ ತೊಂದರೆ. ಯಾರೂ ಹೇಳದೇ ಇದ್ದದ್ದು. ನನ್ನ ಕ್ರಯಪತ್ರ ಕನ್ನಡದಲ್ಲಿದೆ. ಗೆಜೆಟ್ ಇಂಗ್ಲಿಷಲ್ಲಿದೆ. ಗೆಜೆಟ್ಟಲ್ಲಿ ನನ್ನ ಹಳೇ ಹೆಸರನ್ನ ಶಾಲೆಯ ಅಂಕಪಟ್ಟಿಯಲ್ಲಿದ್ದ ಸ್ಪೆಲ್ಲಿಂಗಲ್ಲಿ ಹಾಕಿದ್ದೆ. ಅದನ್ನ ಕನ್ನಡಕ್ಕೆ ತಂದು ಓದಿದರೆ ಒಂದು ಒತ್ತಕ್ಷರ ಕಡಿಮೆ, ಕೊನೆಯ 'ಅಮ್ಮ' ಬರೀ 'ಅಮ' ಆಗುತ್ತೆ. ಮೇಜಿನ ಆ ಕಡೆ ಇದ್ದವರು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಬೆರಳಿಟ್ಟು ಓದಿದರು, ಜೋರಾಗಿ, ಎರಡೆರಡು ಸಲ, ಹಿಂದೆ ಸಾಲಲ್ಲಿ ಏಳೆಂಟು ಜನ ನಿಂತಿದ್ದರು. ಆಮೇಲೆ 'ಇವರು ಬೇರೆ, ಅವರು ಬೇರೆ ಅನ್ಸುತ್ತೆ' ಅಂದರು. ನಲವತ್ತೊಂದು ವರ್ಷಕ್ಕೆ ಮತ್ತೆ ಮೂರನೇ ಕ್ಲಾಸಲ್ಲಿ ಹಾಜರಿ ಹಾಕಿಸಿಕೊಂಡ ಹಾಗಾಯ್ತು ನಂಗೆ.

ಏನು ಮಾಡಲಿ ಈಗ? ಗೆಜೆಟ್ ಮತ್ತೆ ಹಾಕಿಸಬೇಕಾ?

ಕರಿಕೋಟು

ಬೇಡ. ಒಂದು ಅಫಿಡವಿಟ್ ಮಾಡಿಸಿ, ಆದರೆ ಸರಿಯಾಗಿ ಬರೆಸಿ. ಅದರಲ್ಲಿ ಮೂರು ಹೆಸರು ಬರಲಿ: ಕ್ರಯಪತ್ರದಲ್ಲಿ ಕನ್ನಡದಲ್ಲಿ ಇರೋ ಹಾಗೆ, ಗೆಜೆಟ್ಟಲ್ಲಿ ಇಂಗ್ಲಿಷಲ್ಲಿ ಇರೋ ಹಾಗೆ, ಈಗಿನ ಹೆಸರು ಎರಡೂ ಲಿಪಿಯಲ್ಲಿ. ಕ್ರಯಪತ್ರದ ನೋಂದಣಿ ಸಂಖ್ಯೆ, ತಾರೀಖು, ಗೆಜೆಟ್ ತಾರೀಖು, ಸೈಟಿನ ನಂಬರ್ ಎಲ್ಲ ಹಾಕಿ, ಇವರೆಲ್ಲ ಒಬ್ಬರೇ ಅಂತ ಬರೆಸಿ. ಜನ ಇದನ್ನ 'ಸೇಮ್ ಪರ್ಸನ್ ಅಫಿಡವಿಟ್' ಅಂತಾರೆ. ಜೊತೆಗೆ 2012ರ ಕ್ರಯಪತ್ರದಲ್ಲಿರೋ ನಿಮ್ಮ ಫೋಟೊ, ಹೆಬ್ಬೆಟ್ಟಿನ ಗುರುತು ಇರೋ ಪುಟದ ದೃಢೀಕೃತ ನಕಲು ಕೊಡಿ. ಹೆಸರು ಬದಲಾಗಬಹುದು, ಹೆಬ್ಬೆಟ್ಟು ಬದಲಾಗಲ್ಲವಲ್ಲ.

ಆಮೇಲೂ ಆಗಲ್ಲ ಅಂದರೆ, ಆಗಲ್ಲ ಅನ್ನೋದನ್ನ ಹಿಂಬರಹದಲ್ಲಿ, ಅಂದರೆ ಕಚೇರಿಯ ಲಿಖಿತ ಉತ್ತರದಲ್ಲಿ, ಬರೆದುಕೊಡಿ ಅಂತ ಕೇಳಿ. ಈ ಒಂದು ಮಾತಿಗೆ ಎಷ್ಟೋ ಫೈಲು ಎದ್ದು ಓಡಾಡೋದನ್ನ ನೋಡಿದ್ದೀನಿ.

ಹಳೇ ದಫ್ತರ

ಹಿಂಬರಹ ಕೇಳು ಅಂದಿದ್ದು ಬಹಳ ಒಳ್ಳೇ ಮಾತು. ನಾವು ಕುರ್ಚಿಯಲ್ಲಿದ್ದಾಗ ನಮಗೂ ಅದೇ ಭಯ ಇತ್ತು 😀 ಜಮೀನಿನ ಕಡೆ ತಹಶೀಲ್ದಾರ್ ಆದೇಶ ನಿನ್ನ ವಿರುದ್ಧ ಹೋದರೆ ಉಪವಿಭಾಗಾಧಿಕಾರಿ ಹತ್ತಿರ ಮೇಲ್ಮನವಿ ಇದೆ, 1964ರ ಭೂ ಕಂದಾಯ ಕಾಯ್ದೆಯ 136ನೇ ಕಲಂ. ಅಲ್ಲಿವರೆಗೂ ಹೋಗಲ್ಲ ಬಿಡು.

ಅಂದಹಾಗೆ ಗ್ರಾಮ ಆಡಳಿತಾಧಿಕಾರಿ ಹತ್ತಿರ ಹೋಗೋವಾಗ ನಿಮ್ಮೂರಿನ ಹಿರಿಯರು ಒಬ್ಬರನ್ನ ಕರ್ಕೊಂಡು ಹೋಗು. 'ಇವಳು ನಮ್ಮ ಇಂಥವರ ಮಗಳೇ' ಅಂತ ಒಂದು ಹೇಳಿಕೆ ಬಿದ್ದರೆ ವರದಿ ಬರೆಯೋರಿಗೂ ಧೈರ್ಯ.

ಅಡಿಕೆ ಮಂಡಿ

ಜಮೀನಿಗೆ ಸೊಸೈಟಿ ಸಾಲ ಇದ್ದರೆ ಅವರಿಗೂ ತಿಳಿಸಿ ಅಕ್ಕ. ಅಮ್ಮನದ್ದು 11ನೇ ಕಾಲಂನಲ್ಲಿ ಸಾಲ ಹಳೇ ಹೆಸರಲ್ಲೇ ಕೂತಿತ್ತು. ಸಾಲ ತೀರಿಸಿದ ಮೇಲೆ ಋಣ ತೆಗೆಸೋಕೆ ಹೋದರೆ ಮತ್ತೆ ಅದೇ ರಾಮಾಯಣ.

ನೇರಮಾತು

ಒಂದು ಪ್ರಶ್ನೆ, ಈ ಸಲ ತಮಾಷೆ ಅಲ್ಲ. ನನ್ನ ಹೆಂಡತಿ ಮದುವೆ ಆದಮೇಲೆ ಹೆಸರು ಬದಲಾಯಿಸಿಲ್ಲ. ಅವಳ ಹೆಸರಲ್ಲಿ ಫ್ಲಾಟ್ ಇದೆ. ಈಗ ಆಧಾರಲ್ಲಿ ಗಂಡನ ಹೆಸರು ಸೇರಿಸಲೇಬೇಕು ಅಂತ ನಮ್ಮಪ್ಪ ಪಟ್ಟು ಹಿಡಿದಿದ್ದಾರೆ, ಇಲ್ಲದಿದ್ದರೆ ಆಸ್ತಿಗೆ ತೊಂದರೆ ಅಂತ.

ಕರಿಕೋಟು

ಮದುವೆ ಆದಮೇಲೆ ಹೆಸರು ಬದಲಾಯಿಸಬೇಕು ಅಂತ ಯಾವ ಕಾನೂನೂ ಹೇಳಲ್ಲ. ಬದಲಾಯಿಸದೆ ಇದ್ದರೇ ಆಸ್ತಿಗೆ ಕ್ಷೇಮ, ಎಲ್ಲ ಕಡೆ ಒಂದೇ ಹೆಸರು. ನಿಮ್ಮಪ್ಪನವರಿಗೆ ಈ ಚರ್ಚೆ ಓದಿ ಹೇಳಿ.

ಮೂಲೆಮನೆ

ಕೊನೆಯ ಅಪ್‌ಡೇಟ್. ಮೊನ್ನೆ ಸೈಟಿನ ಇ-ಖಾತೆ ಹೊಸ ಹೆಸರಲ್ಲಿ ಬಂತು! ಮೂರು ಹೆಸರಿನ ಅಫಿಡವಿಟ್ ಮತ್ತು ಹೆಬ್ಬೆಟ್ಟಿನ ಪುಟ ಕೆಲಸ ಮಾಡಿತು. ಹಿಂಬರಹ ಕೇಳೋ ಪ್ರಸಂಗ ಬರಲಿಲ್ಲ, ಕೇಳೋಕೆ ಕನ್ನಡಿ ಮುಂದೆ ಪ್ರಾಕ್ಟೀಸ್ ಮಾಡಿದ್ದು ದಂಡ. ಗಿರಾಕಿ ಕಡೆ ವಕೀಲರು ಘೋಷಣಾ ಪತ್ರ ಕೇಳಲಿಲ್ಲ. ಕ್ರಯಪತ್ರದ ಕರಡು ಕಳಿಸಿದ್ದಾರೆ. ಮೊದಲ ಪುಟದಲ್ಲೇ ನನ್ನ ಈಗಿನ ಹೆಸರು, ಆಮೇಲೆ 'ಈ ಹಿಂದೆ ... ಎಂಬ ಹೆಸರಿನಿಂದ ಗುರುತಿಸಲ್ಪಡುತ್ತಿದ್ದ', ಆಮೇಲೆ ಗೆಜೆಟ್ ತಾರೀಖು. ಓದಿದೆ. ಪರವಾಗಿಲ್ಲ ಅನ್ನಿಸಿತು.

ಜಮೀನಿನದ್ದು ಇನ್ನೂ ರೆವಿನ್ಯೂ ಇನ್‌ಸ್ಪೆಕ್ಟರ್ ಹತ್ತಿರ ಇದೆ. ಹಳೇ ದಫ್ತರ ಸರ್ ಹೇಳಿದ ಹಾಗೆ ಊರಿನ ಹಿರಿಯರು ಅಂತ ನಮ್ಮ ಸೋದರತ್ತೆನ ಕರ್ಕೊಂಡು ಹೋಗಿದ್ದೆ. ಎಪ್ಪತ್ತೆಂಟು ವರ್ಷ. ಗ್ರಾಮ ಆಡಳಿತಾಧಿಕಾರಿ ಹುಡುಗಿ ಚಿಕ್ಕವಳು, 'ಇವರ ಹೊಸ ಹೆಸರು ನಿಮಗೆ ಗೊತ್ತಾ ಅಜ್ಜಿ?' ಅಂತ ಕೇಳಿದರು. ಅತ್ತೆ ಗೊತ್ತಿಲ್ಲ ಅಂದುಬಿಟ್ಟರು. ನಂಗೆ ಎದೆ ಧಸಕ್ ಅಂತು. ಆಮೇಲೆ ಅತ್ತೆ ನನ್ನ ಬಲಗೈ ಎತ್ತಿ, ಮೊಣಕೈ ಹತ್ತಿರ ಇರೋ ಸುಟ್ಟ ಕಲೆ ತೋರಿಸಿ, ಇದು ನಮ್ಮನೆ ಒಲೆಯಲ್ಲಿ ಆಗಿದ್ದು, ಬರ್ಕೋ ಅಂದರು. ಆ ಹುಡುಗಿ ನಕ್ಕು ಹೇಳಿಕೆ ಬರೆದುಕೊಂಡರು, ಕಲೆ ಬಿಟ್ಟು ಉಳಿದದ್ದೆಲ್ಲ. ಅತ್ತೆ ಹೆಬ್ಬೆಟ್ಟು ಒತ್ತಿದರು.

ಹಳೇ ದಫ್ತರ

ಎಂ.ಆರ್. ನಂಬರ್ ಬಿದ್ದ ದಿನ ಪಹಣಿ ತೆಗೆಸಿ ಓದೋದು ಮರೀಬೇಡ ತಂಗಿ. ಒಂದೊಂದು ಅಕ್ಷರ.